ಟ್ರ್ಯಾಕ್‌ನಲ್ಲಿ ಗೇರ್ ಇಳಿಸುವಾಗ ಬೈಕ್‌ನ ಹಿಂದಿನ ಚಕ್ರ ಪುಟಿಯುವುದೇಕೆ?

ಗ್ರೇಟರ್ ನೋಯ್ಡಾದ ಬುದ್ಧ ಇಂಟರ್‌ನ್ಯಾಷನಲ್ ಸರ್ಕ್ಯೂಟ್‌ನಲ್ಲಿ ಮೂರನೇ ತಿರುವು ದಾಟಿದರೆ ಒಂದು ಕಿಲೋಮೀಟರ್‌ಗೂ ಉದ್ದದ ನೇರ ಟ್ರ್ಯಾಕ್ ಸಿಗುತ್ತದೆ. 2023ರ ಸೆಪ್ಟೆಂಬರ್‌ನಲ್ಲಿ ಭಾರತದ ಮೊದಲ ಮೋಟೊಜಿಪಿ ರೇಸ್ ನಡೆದದ್ದು ಇಲ್ಲೇ. ಆ ನೇರ ಭಾಗ ಮುಗಿಯುತ್ತಿದ್ದಂತೆ ಬಲಕ್ಕೆ ಬಿಗಿಯಾದ ನಾಲ್ಕನೇ ತಿರುವು. ಟಾಪ್ ಗೇರ್‌ನಲ್ಲಿ ನುಗ್ಗಿ ಬಂದ ಬೈಕ್ ಕೆಲವೇ ಸೆಕೆಂಡ್‌ಗಳಲ್ಲಿ ಕೆಳಗಿನ ಗೇರ್‌ಗೆ ಇಳಿಯಬೇಕು. ಟ್ರ್ಯಾಕ್‌ಗೆ ಹೊಸಬರಾದವರು ತಡಬಡಾಯಿಸುವುದು ಇಂಥ ಜಾಗದಲ್ಲೇ.

ತೊಡಕು ಶುರುವಾಗುವುದು ರಸ್ತೆಯ ರೂಢಿಯಿಂದ. ಊರಲ್ಲಿ ಓಡಿಸುವಾಗ ಗೇರ್ ಇಳಿಸಿಯೇ ವೇಗ ತಗ್ಗಿಸುವುದು ಅನೇಕರ ಅಭ್ಯಾಸ. ಟ್ರ್ಯಾಕ್‌ನಲ್ಲಿ ಆ ಕೆಲಸ ಬ್ರೇಕ್‌ನದು, ಅದರಲ್ಲೂ ಮುಂದಿನ ಬ್ರೇಕ್‌ನದು. ಗೇರ್ ಇಳಿಸುವುದು ತಿರುವಿನಿಂದ ಹೊರಬರುವಾಗ ಎಂಜಿನ್ ಚುರುಕಾಗಿ ಎಳೆಯಲಿ ಎಂದು.

ಮುಂದಿನ ಬ್ರೇಕ್ ಒತ್ತಿದಾಗ ಭಾರ ಮುಂದಕ್ಕೆ ಸರಿದು ಹಿಂದಿನ ಚಕ್ರ ಹಗುರವಾಗುತ್ತದೆ. ಅದೇ ಹೊತ್ತಿಗೆ ಗೇರ್ ಇಳಿಸಿ ಕ್ಲಚ್ಚನ್ನು ಥಟ್ಟನೆ ಬಿಟ್ಟರೆ, ನಿಧಾನಕ್ಕೆ ತಿರುಗುತ್ತಿರುವ ಎಂಜಿನ್ ಆ ಚಕ್ರವನ್ನು ಹಿಡಿದು ಜಗ್ಗುತ್ತದೆ. ಚಕ್ರ ಪುಟಿಯುತ್ತದೆ, ಇಲ್ಲವೇ ಜಾರುತ್ತದೆ. ಬೈಕ್ ಆಗಲೇ ತಿರುವಿಗೆ ವಾಲಿದ್ದರೆ ಸವಾರ ನೆಲ ಕಚ್ಚುವ ಅಪಾಯವಿದೆ.

ಇದಕ್ಕೆ ಪರಿಹಾರ ‘ಬ್ಲಿಪ್’. ನಾಲ್ಕನೇ ಗೇರ್‌ನಲ್ಲಿ ಎಂಜಿನ್ 8,000 ಆರ್‌ಪಿಎಂನಲ್ಲಿದೆ ಎಂದುಕೊಳ್ಳಿ. ಅದೇ ವೇಗಕ್ಕೆ ಮೂರನೇ ಗೇರ್‌ನಲ್ಲಿ ಸುಮಾರು 10,000 ಬೇಕಾಗಬಹುದು. ಕ್ಲಚ್ ಅರೆಕ್ಷಣ ಹಿಡಿದು, ಥ್ರಾಟಲನ್ನು ಚಿಟಿಕೆ ಹೊಡೆದಷ್ಟು ಹೊತ್ತು ತಿರುಗಿಸಿ, ಗೇರ್ ಇಳಿಸಿ, ಕ್ಲಚ್ ಬಿಟ್ಟರೆ ಆ ಅಂತರ ತುಂಬುತ್ತದೆ. ಇಷ್ಟೂ ನಡೆಯುವಾಗ ಬಲಗೈಯ ಎರಡು ಬೆರಳು ಬ್ರೇಕ್ ಲಿವರ್ ಮೇಲೆ ಒಂದೇ ಸಮನೆ ಒತ್ತುತ್ತಿರಬೇಕು. ಕಷ್ಟವಿರುವುದು ಇಲ್ಲೇ. ಥ್ರಾಟಲ್ ತಿರುಗಿಸುವ ಭರದಲ್ಲಿ ಬೆರಳು ಸಡಿಲವಾಗುತ್ತದೆ, ಬೈಕ್ ಮುಂದಕ್ಕೆ ಮುಗ್ಗರಿಸಿದಂತೆ ಆಗುತ್ತದೆ.

ಆತುರದಲ್ಲಿ ಎರಡು ಮೂರು ಗೇರ್ ಒಟ್ಟಿಗೆ ಇಳಿಸುವವರಿಗೆ ಇನ್ನೊಂದು ಗಂಡಾಂತರವಿದೆ. ರೆವ್ ಲಿಮಿಟರ್ ಕಾಪಾಡುತ್ತದೆ ಎಂಬ ನಂಬಿಕೆ ಇಲ್ಲಿ ಕೆಲಸಕ್ಕೆ ಬಾರದು. ಅದು ಇಂಧನ ಅಥವಾ ಸ್ಪಾರ್ಕ್ ತಡೆಯಬಲ್ಲದು, ಅಷ್ಟೇ. ಆಗ ಎಂಜಿನ್ನನ್ನು ತಿರುಗಿಸುತ್ತಿರುವುದು ಚಕ್ರ. ಮಿತಿ ಮೀರಿದರೆ ವಾಲ್ವ್ ಪಿಸ್ಟನ್‌ಗೆ ಬಡಿದು ಎಂಜಿನ್ನೇ ಹಾಳಾಗಬಹುದು. ಆದ್ದರಿಂದ ಬ್ರೇಕ್ ಹಿಡಿದು ವೇಗ ಇಳಿದಂತೆಲ್ಲ ಒಂದೊಂದೇ ಗೇರ್ ಇಳಿಸಿ, ತಿರುವಿಗೆ ವಾಲುವ ಮುನ್ನ ಮುಗಿಸಬೇಕು.

ಕೆಟಿಎಂ ಆರ್‌ಸಿ 390, ಹೊಸೂರಿನ ಟಿವಿಎಸ್‌ನ ಅಪಾಚೆ ಆರ್‌ಆರ್ 310ರಂಥ ಬೈಕ್‌ಗಳಲ್ಲಿ ಸ್ಲಿಪ್ಪರ್ ಕ್ಲಚ್ ಇರುತ್ತದೆ. ಎಂಜಿನ್‌ನ ಜಗ್ಗಾಟ ಹೆಚ್ಚಾದಾಗ ಅದು ತುಸು ಜಾರಿ ಚಕ್ರವನ್ನು ಉಳಿಸುತ್ತದೆ. ಚಿಕ್ಕಪುಟ್ಟ ತಪ್ಪು ಮುಚ್ಚಿಹೋಗುತ್ತದೆ, ಆದರೆ ಬೇಗ ಇಳಿಸಿದ ಗೇರ್‌ನಿಂದ ಎಂಜಿನ್ನನ್ನು ಕಾಪಾಡುವ ಖಾತರಿ ಅದಕ್ಕಿಲ್ಲ.

ಬೆರಳಿನ ಪಾಠಕ್ಕೆ ಟ್ರ್ಯಾಕೇ ಬೇಕಿಲ್ಲ. ಎಂಜಿನ್ ಆಫ್ ಮಾಡಿ, ಬೈಕನ್ನು ಸ್ಟ್ಯಾಂಡ್ ಹಾಕಿ ನಿಲ್ಲಿಸಿ, ಬ್ರೇಕ್ ಹಿಡಿದೇ ಥ್ರಾಟಲ್ ತಿರುಗಿಸುವುದನ್ನು ರೂಢಿಸಿಕೊಳ್ಳಬಹುದು. ಟ್ರ್ಯಾಕ್‌ಗೆ ಇಳಿದ ಮೊದಲ ಲ್ಯಾಪ್‌ಗಳಲ್ಲಿ ಬ್ರೇಕನ್ನು ತುಸು ಮೊದಲೇ ಹಿಡಿದರೆ ಪ್ರತಿ ಗೇರ್‌ಗೂ ಸಮಯ ಸಿಗುತ್ತದೆ.