ಚೀನಾದ ಅರಸರ ಪ್ರಬಂಧಕ್ಕೆ ಐಹೊಳೆಯ ಶಾಸನ

ಚೀನಾದ ರಾಜವಂಶಗಳ ಬಗ್ಗೆ ವಿದ್ಯಾರ್ಥಿಗಳು ಬರೆಯುವ ಪ್ರಬಂಧಗಳು ಬಹುಪಾಲು ಒಂದೇ ಜಾಡಿನವು. ಶಾಂಗ್, ಝೌ, ಚಿನ್, ಹಾನ್, ಸುಯಿ, ತಾಂಗ್, ಸೋಂಗ್, ಯುವಾನ್, ಮಿಂಗ್, ಚಿಂಗ್ ಎಂದು ಹೆಸರುಗಳ ಸಾಲು, ಹೆಸರಿಗೆರಡು ಇಸವಿ, ನಡುವೆ ಮಹಾಗೋಡೆ, ಕೊನೆಗೆ ಕಾಗದ ಮತ್ತು ಸಿಡಿಮದ್ದು. ಸುಮಾರು ಎರಡು ಸಾವಿರ ವರ್ಷಗಳ ಅಂತರವಿರುವ ಚಿನ್ ಮತ್ತು ಚಿಂಗ್ ವಂಶಗಳು ಎಷ್ಟೋ ಉತ್ತರಪತ್ರಿಕೆಗಳಲ್ಲಿ ಒಂದೇ ಆಗಿಬಿಡುತ್ತವೆ. ಇಷ್ಟು ಬರೆದರೆ ನೆನಪಿನ ಪರೀಕ್ಷೆ ಮುಗಿಯಬಹುದು. ಪ್ರಬಂಧ ಶುರುವಾಗುವುದು ಒಂದು ಪ್ರಶ್ನೆ ಕೇಳಿಕೊಂಡಾಗ.

ಅಂಥ ಪ್ರಶ್ನೆ ಈ ಇಸವಿಗಳಲ್ಲೇ ಇದೆ. ಕ್ರಿ.ಪೂ. 221ರಲ್ಲಿ ಚೀನಾವನ್ನು ಒಂದುಗೂಡಿಸಿದ ಚಿನ್ ವಂಶ ಬಾಳಿದ್ದು 15 ವರ್ಷ. ಅದು ಲಿಪಿ, ತೂಕ, ಅಳತೆಗಳನ್ನು ಏಕರೂಪಗೊಳಿಸಿತು. ಗಾಡಿಯ ಚಕ್ರಗಳ ನಡುವಿನ ಅಂತರಕ್ಕೂ ಒಂದೇ ಅಳತೆ ತಂದಿತು. ಆ ಆಡಳಿತದ ಮೇಲೆ ನಿಂತ ಹಾನ್ ವಂಶ ನಾಲ್ಕು ಶತಮಾನ ಆಳಿತು. ಮುಂದೆ ಇದೇ ಮರುಕಳಿಸಿತು. 581ರಲ್ಲಿ ಬಂದ ಸುಯಿ ವಂಶ ಒಡೆದ ದೇಶವನ್ನು ಮತ್ತೆ ಕೂಡಿಸಿ, ಉತ್ತರ ದಕ್ಷಿಣಗಳನ್ನು ಮಹಾಕಾಲುವೆಯಿಂದ ಬೆಸೆಯಿತು. ಆ ಕಾಲುವೆಯ ಬಿಟ್ಟಿದುಡಿತ ಮತ್ತು ಕೊರಿಯಾದ ಮೇಲಿನ ಸೋತ ದಂಡಯಾತ್ರೆಗಳು ಜನರನ್ನು ದಂಗೆಗೆ ನೂಕಿದವು. 618ರಲ್ಲಿ ಸುಯಿ ಉರುಳಿತು. ಕಾಲುವೆಯ ಫಲ 907ರವರೆಗೆ ಆಳಿದ ತಾಂಗ್ ವಂಶದ ಪಾಲಾಯಿತು. ಕಟ್ಟಿದವರು ಏಕೆ ಬಾಳಲಿಲ್ಲ, ಬಾಳಿದವರು ಅವರಿಂದ ಏನನ್ನು ಉಳಿಸಿಕೊಂಡರು ಎಂಬ ಒಂದೇ ಪ್ರಶ್ನೆ ಇಡೀ ಪ್ರಬಂಧವನ್ನು ಹೊರಬಲ್ಲದು.

ಆಧಾರಗಳ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಚೀನಾದಲ್ಲಿ ಅಳಿದ ವಂಶದ ಚರಿತ್ರೆಯನ್ನು ಅದರ ನಂತರ ಬಂದ ವಂಶ ಬರೆಸುವುದು ವಾಡಿಕೆಯಾಯಿತು. ಸುಯಿ ವಂಶದ ಅಧಿಕೃತ ಚರಿತ್ರೆ 636ರಲ್ಲಿ ಮುಗಿದದ್ದು ತಾಂಗ್ ಆಸ್ಥಾನದಲ್ಲಿ. ಕೊನೆಯ ಸುಯಿ ದೊರೆಗಳನ್ನು ದುಷ್ಟರೆಂದು ತೋರಿಸಿದಷ್ಟೂ ಆಳುವ ಹಕ್ಕು ನೀಡುವ ಸ್ವರ್ಗದ ಆದೇಶ ತಮಗೆ ಬಂದಿದೆ ಎಂಬ ತಾಂಗ್ ಅರಸರ ಮಾತಿಗೆ ಬಲ ಬರುತ್ತಿತ್ತು.

ಇದನ್ನು ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಓದುವವರು ಬೇಗ ಗ್ರಹಿಸಬಲ್ಲರು. ಹುನಗುಂದ ಸೀಮೆಯ ಐಹೊಳೆಯಲ್ಲಿ, ಮೇಗುಟಿ ಜಿನಾಲಯದ ಗೋಡೆಯ ಮೇಲೆ ರವಿಕೀರ್ತಿ ಸಂಸ್ಕೃತದಲ್ಲಿ ರಚಿಸಿದ ಪ್ರಶಸ್ತಿಯಿದೆ. ಅದರ ಕಾಲ ಶಕ 556, ಅಂದರೆ ಕ್ರಿ.ಶ. 634-35, ಸುಯಿ ಚರಿತ್ರೆ ಸಿದ್ಧವಾಗುತ್ತಿದ್ದ ಹೊತ್ತು. ಬಾದಾಮಿಯಿಂದ ಆಳುತ್ತಿದ್ದ ಚಾಲುಕ್ಯ ದೊರೆ ಇಮ್ಮಡಿ ಪುಲಕೇಶಿಯ ಆಶ್ರಯದಲ್ಲಿದ್ದ ಕವಿ ಅವನ ಗೆಲುವುಗಳನ್ನು ಕೊಂಡಾಡಿದ್ದಾನೆ. ಉತ್ತರದ ಅರಸ ಹರ್ಷವರ್ಧನನ ಸೋಲೂ ಅದರಲ್ಲಿದೆ. ಆಸ್ಥಾನಕವಿಯ ಹೊಗಳಿಕೆಯನ್ನು ಎಷ್ಟು ನಂಬಬೇಕು?

ಇಲ್ಲಿ ನೆರವಿಗೆ ಬರುವವನು ತಾಂಗ್ ಕಾಲದ ಚೀನೀ ಭಿಕ್ಷು ಹ್ಯೂಯೆನ್ ತ್ಸಾಂಗ್. ಸುಮಾರು 641ರಲ್ಲಿ ಪುಲಕೇಶಿಯ ರಾಜ್ಯ ಕಂಡ ಆತ, ಹರ್ಷನಿಗೆ ಈ ನಾಡನ್ನು ಮಾತ್ರ ಮಣಿಸಲಾಗಲಿಲ್ಲ ಎಂದು ದಾಖಲಿಸಿದ. ಉಪಕಾರ ಮರೆಯದ, ಅಪಮಾನ ಸಹಿಸದ ಇಲ್ಲಿಯ ಜನರನ್ನೂ, ಮದ್ಯ ಕುಡಿಸಿ ಯುದ್ಧಕ್ಕೆ ನುಗ್ಗಿಸುವ ಆನೆಗಳನ್ನೂ ಬಣ್ಣಿಸಿದ. ಹರ್ಷನಿಂದ ಸತ್ಕಾರ ಪಡೆದವನೇ ಹೀಗೆ ಬರೆದಿರುವುದರಿಂದ ಅವನ ಮಾತಿಗೆ ತೂಕ ಹೆಚ್ಚು. ಒಬ್ಬರನ್ನೊಬ್ಬರು ಓದಿರದ ಇಬ್ಬರು ಒಂದೇ ಸಂಗತಿ ಹೇಳಿದಾಗ ಪ್ರಬಂಧಕಾರ ಧೈರ್ಯವಾಗಿ ತೀರ್ಮಾನಕ್ಕೆ ಬರಬಹುದು.

ಆದರೂ ‘ಹ್ಯೂಯೆನ್ ತ್ಸಾಂಗ್ ಬಾದಾಮಿಗೆ ಬಂದಿದ್ದ’ ಎಂದು ಖಚಿತವಾಗಿ ಬರೆಯುವಂತಿಲ್ಲ. ಅವನು ಹೇಳುವ ರಾಜಧಾನಿಯ ಪಶ್ಚಿಮಕ್ಕೆ ದೊಡ್ಡ ನದಿಯಿದೆ. ಬಾದಾಮಿಯ ಬಂಡೆಗಳ ಮಡಿಲಲ್ಲಿರುವುದು ಕೆರೆ. ಆ ಊರು ನಾಸಿಕವಿರಬೇಕೆಂದು ಹೇಳುವ ವಿದ್ವಾಂಸರಿದ್ದಾರೆ.

ಕಂಡ ವರ್ಷ, ಬರೆದ ವರ್ಷ ಎರಡನ್ನೂ ಗುರುತಿಸಿಕೊಳ್ಳಬೇಕು. ಅವನು ಚೀನಾಕ್ಕೆ ಮರಳಿದ್ದು 645ರಲ್ಲಿ, ಪ್ರವಾಸಕಥನ ಸಿದ್ಧವಾದದ್ದು 646ರಲ್ಲಿ. ಅಷ್ಟರಲ್ಲಿ ಬಾದಾಮಿ ಪಲ್ಲವ ನರಸಿಂಹವರ್ಮನ ವಶವಾಗಿ ನಾಲ್ಕು ವರ್ಷ ಕಳೆದಿತ್ತು.