ದೆವ್ವದ ಮನೆಯಲ್ಲಿ ಒಂದು ರಾತ್ರಿ: ಬೋರ್ಲಿ ಬಂಗಲೆ ಕಲಿಸಿದ ಪಾಠ

ನಮ್ಮ ಹಳ್ಳಿಗಳಲ್ಲಿ ಚಾಲ್ತಿಯಲ್ಲಿರುವ ಹಳೆಯ ಕಥೆಯೊಂದಿದೆ. ಅಮಾವಾಸ್ಯೆಯ ರಾತ್ರಿ ಒಬ್ಬನೇ ಸ್ಮಶಾನಕ್ಕೆ ಹೋಗಿ, ನೆಲಕ್ಕೆ ಮೊಳೆ ಹೊಡೆದು ಬರುತ್ತೇನೆಂದು ಯುವಕನೊಬ್ಬ ಪಂದ್ಯ ಕಟ್ಟುತ್ತಾನೆ. ಬೆಳಗಾದರೂ ಅವನು ಮರಳುವುದಿಲ್ಲ. ಊರವರು ಹೋಗಿ ನೋಡಿದರೆ ಹೆಣವಾಗಿ ಬಿದ್ದಿದ್ದಾನೆ. ಕತ್ತಲೆಯಲ್ಲಿ ತನ್ನ ಪಂಚೆಯ ಅಂಚಿನ ಮೇಲೆಯೇ ಮೊಳೆ ಹೊಡೆದುಕೊಂಡಿದ್ದ. ಎದ್ದು ಹೊರಟಾಗ ಯಾರೋ ಹಿಡಿದೆಳೆದಂತಾಗಿ ಎದೆಯೊಡೆದಿತ್ತು.

ದೆವ್ವ ಇದೆಯೇ ಇಲ್ಲವೇ ಎಂಬ ವಾದ ಬಂದಾಗಲೆಲ್ಲ ‘ಹಾಗಾದರೆ ಒಂದು ರಾತ್ರಿ ಅಲ್ಲಿ ಇದ್ದು ನೋಡಿ’ ಎಂಬ ಸವಾಲು ಬಂದೇ ಬರುತ್ತದೆ. ಇಂದು ಪಾಳುಬಿದ್ದ ಬಂಗಲೆಗಳಿಗೆ ಕ್ಯಾಮೆರಾ, ಉಷ್ಣಮಾಪಕ, ಕಾಂತಕ್ಷೇತ್ರ ಅಳೆಯುವ ಉಪಕರಣ ಹಿಡಿದು ಹೋಗುವವರ ತಂಡಗಳೇ ಇವೆ. ಆದರೆ ಹಾಗೆ ಕಳೆದ ಒಂದು ರಾತ್ರಿ ನಿಜಕ್ಕೂ ಏನನ್ನು ಸಾಬೀತು ಮಾಡಬಲ್ಲುದು? ಈ ಪ್ರಶ್ನೆಗೆ ಉತ್ತರ ಬೇಕಿದ್ದರೆ, ಇಂಥ ‘ಬೇಟೆ’ಗೆ ವೈಜ್ಞಾನಿಕ ಪೋಷಾಕು ತೊಡಿಸಿದ ಇಂಗ್ಲೆಂಡಿನ ಒಂದು ಮನೆಯ ಕಥೆಯನ್ನು ಅರಿಯಬೇಕು.

ಹದಿನಾಲ್ಕು ಮಕ್ಕಳ ಪಾದ್ರಿಯ ಬಂಗಲೆ

ಇಂಗ್ಲೆಂಡಿನ ಎಸೆಕ್ಸ್ ಪ್ರಾಂತ್ಯದ ಬೋರ್ಲಿ ಒಂದು ಪುಟ್ಟ ಗ್ರಾಮ. ಅಲ್ಲಿನ ಚರ್ಚಿನ ಎದುರು 1860ರ ದಶಕದ ಆರಂಭದಲ್ಲಿ ಪಾದ್ರಿ ಹೆನ್ರಿ ಡಾಸನ್ ಎಲ್ಲಿಸ್ ಬುಲ್ ಕೆಂಪು ಇಟ್ಟಿಗೆಯ ಬಂಗಲೆಯೊಂದನ್ನು ಕಟ್ಟಿಸಿದರು. ಹದಿನಾಲ್ಕು ಮಕ್ಕಳ ತುಂಬು ಸಂಸಾರಕ್ಕೆ ಸಾಲದೆ ಮನೆಯನ್ನು ಮತ್ತಷ್ಟು ವಿಸ್ತರಿಸಲಾಯಿತು. ಹಾಗಾಗಿ ನಡುವೆ ಅಂಗಳ, ಸುತ್ತ ಉದ್ದನೆಯ ಓಣಿಗಳು, ಒಂದರೊಳಗೊಂದು ತೆರೆಯುವ ಕೋಣೆಗಳು. ವಿದ್ಯುತ್ ಸಂಪರ್ಕವಿರಲಿಲ್ಲ. ಸಂಜೆಯಾದರೆ ಎಣ್ಣೆ ದೀಪವೇ ಗತಿ.

ಆ ಜಾಗದಲ್ಲಿ ಹಿಂದೆ ಕ್ರೈಸ್ತ ಮಠವಿತ್ತು, ಅಲ್ಲಿನ ಸಂನ್ಯಾಸಿಯೊಬ್ಬ ಸಮೀಪದ ಸಂನ್ಯಾಸಿನಿಯೊಬ್ಬಳೊಡನೆ ಓಡಿಹೋಗಲು ಯತ್ನಿಸಿ ಸಿಕ್ಕಿಬಿದ್ದ, ಆಕೆಯನ್ನು ಗೋಡೆಯೊಳಗೆ ಜೀವಂತ ಹುಗಿಯಲಾಯಿತು ಎಂಬ ಐತಿಹ್ಯ ಹುಟ್ಟಿಕೊಂಡಿತು. 1900ರ ಜುಲೈ 28ರ ಮುಸ್ಸಂಜೆ ಬುಲ್ ಮನೆತನದ ಸೋದರಿಯರು ತೋಟದಲ್ಲಿ ಆ ಸಂನ್ಯಾಸಿನಿಯನ್ನು ಕಂಡೆವೆಂದು ಹೇಳಿದ ಮೇಲೆ ಕಥೆಗೆ ಬಲ ಬಂತು. ಬೋರ್ಲಿಯಲ್ಲಿ ಅಂಥ ಮಠವಿತ್ತೆಂಬುದಕ್ಕೆ ಐತಿಹಾಸಿಕ ಆಧಾರವೇ ಇಲ್ಲವೆಂಬುದು ಬಹುಕಾಲದ ನಂತರ ಗೊತ್ತಾಯಿತು. ಅಷ್ಟರಲ್ಲಿ ಕಥೆ ಇತಿಹಾಸಕ್ಕಿಂತ ಗಟ್ಟಿಯಾಗಿ ಬೇರೂರಿತ್ತು.

1928ರಲ್ಲಿ ಭಾರತದಿಂದ ಹೋಗಿದ್ದ ಪಾದ್ರಿ ಗೈ ಎರಿಕ್ ಸ್ಮಿತ್ ಮತ್ತು ಅವರ ಪತ್ನಿ ಆ ಮನೆಗೆ ಬಂದರು. ವದಂತಿಗಳಿಂದ ಬೇಸತ್ತ ಅವರು, ಇಂಥದ್ದನ್ನು ಪರಿಶೀಲಿಸುವ ಸಂಸ್ಥೆಯ ಸಂಪರ್ಕ ಕೋರಿ ‘ಡೈಲಿ ಮಿರರ್’ ಪತ್ರಿಕೆಗೆ ಪತ್ರ ಬರೆದರು. ಪತ್ರಿಕೆ ಮಾಡಿದ್ದು ಬೇರೆ: ಮೊದಲು ವರದಿಗಾರನನ್ನು ಕಳುಹಿಸಿತು, 1929ರ ಜೂನ್ 12ರಂದು ಹ್ಯಾರಿ ಪ್ರೈಸ್ ಎಂಬ ಸಂಶೋಧಕರನ್ನು ಕರೆತಂದಿತು. ಶಾಂತಿ ಬಯಸಿದ್ದ ದಂಪತಿಯ ಅಂಗಳ ಕುತೂಹಲಿಗಳ ಜಾತ್ರೆಯಾಯಿತು. ಒಂದೇ ತಿಂಗಳಲ್ಲಿ ಅವರು ಮನೆ ಬಿಟ್ಟರು.

ಚಾಕ್ ಗೆರೆ, ಪಾದರಸ ಮತ್ತು ಬ್ರಾಂದಿ

ಪ್ರೈಸ್ ಸಾಮಾನ್ಯರಲ್ಲ. ಪ್ರೇತಗಳ ಛಾಯಾಚಿತ್ರ ತೆಗೆಯುವೆನೆಂದು ನಂಬಿಸುತ್ತಿದ್ದ ವಿಲಿಯಂ ಹೋಪ್‌ನ ಕೈಚಳಕವನ್ನು 1922ರಲ್ಲಿ ಬಯಲಿಗೆಳೆದವರು ಅವರೇ. ಜತೆಗೆ ಪ್ರಚಾರದ ಮರ್ಮವನ್ನೂ ಬಲ್ಲವರು. 1936ರ ಮಾರ್ಚ್‌ನಲ್ಲಿ ಕೆಂಟ್ ಪ್ರಾಂತ್ಯದ ದೆವ್ವದ ಮನೆಯೊಂದರಿಂದ ಬಿಬಿಸಿ ರೇಡಿಯೋದಲ್ಲಿ ನೇರಪ್ರಸಾರ ಮಾಡಿದ್ದರು.

ಅವರು ಕೊಂಡೊಯ್ಯುತ್ತಿದ್ದ ಪೆಟ್ಟಿಗೆಯೇ ಒಂದು ಸೋಜಿಗ. ಸದ್ದಾಗದ ಮೆತ್ತನೆಯ ಪಾದರಕ್ಷೆ, ಅಳತೆಯ ಪಟ್ಟಿ, ಬಾಗಿಲು ಕಿಟಕಿಗಳಿಗೆ ಮುದ್ರೆಯೊತ್ತಲು ಸೀಸದ ಮುದ್ರೆಗಳು ಮತ್ತು ದಾರ, ಬೆರಳಚ್ಚು ಹಿಡಿಯಲು ಗ್ರಾಫೈಟ್ ಪುಡಿ, ನೆಲದ ನಡುಕ ಕಾಣಲು ಬಟ್ಟಲಿನಲ್ಲಿ ಪಾದರಸ, ಕ್ಯಾಮೆರಾ, ಉಷ್ಣಮಾಪಕ. ಯಾರಾದರೂ ಹೆದರಿ ಮೂರ್ಛೆ ಹೋದರೆ ಇರಲೆಂದು ಬ್ರಾಂದಿ. ಇಂದಿನ ದೆವ್ವ ಬೇಟೆಗಾರರ ಕೈಚೀಲದ ಪೂರ್ವಜ ಇದೇ.

1937ರ ಮೇ ತಿಂಗಳಲ್ಲಿ ಖಾಲಿ ಬಿದ್ದಿದ್ದ ಬೋರ್ಲಿ ಬಂಗಲೆಯನ್ನು ಪ್ರೈಸ್ ಒಂದು ವರ್ಷದ ಮಟ್ಟಿಗೆ ಬಾಡಿಗೆಗೆ ಪಡೆದರು. ಮೇ 25ರ ‘ದಿ ಟೈಮ್ಸ್’ ಪತ್ರಿಕೆಯಲ್ಲಿ, ದೆವ್ವದ ಮನೆಯಲ್ಲಿ ಕಾವಲು ಕೂರಲು ಬುದ್ಧಿವಂತರೂ ಧೈರ್ಯವಂತರೂ ಆದ ಜನ ಬೇಕಾಗಿದ್ದಾರೆಂದು ಜಾಹೀರಾತು ನೀಡಿದರು. ಆಯ್ಕೆಯಾದ 48 ಮಂದಿಯಲ್ಲಿ ಬಹುತೇಕರು ವಿದ್ಯಾರ್ಥಿಗಳು. ಸಾಮಾನುಗಳ ಸುತ್ತ ಚಾಕ್‌ನಿಂದ ವೃತ್ತ ಎಳೆಯುವುದು, ಗೋಡೆಯ ಮೇಲಿನ ಪ್ರತಿ ಪೆನ್ಸಿಲ್ ಗೀಟನ್ನೂ ಗುರುತಿಸಿಡುವುದು, ಗಂಟೆಗೊಮ್ಮೆ ಸುತ್ತು ಹಾಕುವುದು, ಕಂಡದ್ದನ್ನು ಕೇಳಿದ್ದನ್ನು ಬರೆದಿಡುವುದು ಅವರ ಕೆಲಸ.

ಫಲಿತಾಂಶ? ಎಲ್ಲೋ ಒಂದು ದಡಬಡ ಸದ್ದು, ವೃತ್ತದಿಂದ ಅಲುಗಿದಂತೆ ಕಂಡ ವಸ್ತು, ಗೋಡೆಯ ಮೇಲೆ ಹೊಸದೆಂದು ತೋರಿದ ಗೀಟು. ಅನೇಕ ರಾತ್ರಿಗಳು ಏನೂ ಘಟಿಸದೆ ಸಪ್ಪೆಯಾಗಿ ಕಳೆದವು. ಆದರೂ 1940ರಲ್ಲಿ ಪ್ರೈಸ್ ಬರೆದ ಪುಸ್ತಕ ಇದನ್ನು ಇಂಗ್ಲೆಂಡಿನ ಅತ್ಯಂತ ಭೂತಬಾಧಿತ ಮನೆಯೆಂದೇ ಘೋಷಿಸಿತು.

ಕೈಪಿಡಿಯಲ್ಲೇ ಇದ್ದ ದೆವ್ವ

ಈ ಪ್ರಯೋಗದ ದೋಷ ಉಪಕರಣಗಳಲ್ಲಿರಲಿಲ್ಲ. ಪ್ರತಿಯೊಬ್ಬ ವೀಕ್ಷಕನಿಗೂ ಪ್ರೈಸ್ ನೀಲಿ ಹೊದಿಕೆಯ ಕೈಪಿಡಿಯೊಂದನ್ನು ಕೊಟ್ಟಿದ್ದರು. ಅದರಲ್ಲಿ ಮನೆಯ ನಕ್ಷೆ, ಪಾಲಿಸಬೇಕಾದ ಸೂಚನೆಗಳ ಜತೆಗೆ ಅಲ್ಲಿ ಹಿಂದೆ ಏನೇನು ವಿಚಿತ್ರಗಳು ವರದಿಯಾಗಿದ್ದವು ಎಂಬ ಮಾಹಿತಿಯೂ ಇತ್ತು. ಅಂದರೆ ಪರೀಕ್ಷೆ ಬರೆಯುವವರ ಕೈಗೆ ಮೊದಲೇ ಉತ್ತರಪತ್ರಿಕೆ ಕೊಟ್ಟಂತಾಯಿತು. ಹೆಜ್ಜೆ ಸಪ್ಪಳ ಕೇಳಿಸಬಹುದೆಂದು ಓದಿಕೊಂಡು ಕುಳಿತವನಿಗೆ ಮಧ್ಯರಾತ್ರಿ ಇಲಿ ಓಡಿದರೂ ಹೆಜ್ಜೆಯೇ.

ಇದು ಬರೀ ಊಹೆಯಲ್ಲ. 1997ರಲ್ಲಿ ರೆನ್ಸ್ ಲ್ಯಾಂಗ್ ಮತ್ತು ಜೇಮ್ಸ್ ಹೌರನ್ ಎಂಬ ಸಂಶೋಧಕರು ದೆವ್ವದ ಯಾವ ಅಪಖ್ಯಾತಿಯೂ ಇಲ್ಲದ ರಂಗಮಂದಿರವೊಂದರಲ್ಲಿ 22 ಮಂದಿಯನ್ನು ಅಡ್ಡಾಡಿಸಿದರು. ಅರ್ಧದಷ್ಟು ಜನರಿಗೆ ಕಟ್ಟಡದಲ್ಲಿ ದೆವ್ವವಿದೆಯೆಂದೂ, ಉಳಿದವರಿಗೆ ದುರಸ್ತಿ ನಡೆಯುತ್ತಿದೆಯೆಂದೂ ತಿಳಿಸಲಾಗಿತ್ತು. ಮೊದಲ ಗುಂಪಿನವರಿಗೆ ಗಣನೀಯವಾಗಿ ಹೆಚ್ಚು ವಿಲಕ್ಷಣ ಅನುಭವಗಳಾದವು. ಗೋಡೆ ಅದೇ, ಗಾಳಿ ಅದೇ. ಬದಲಾದದ್ದು ಕಿವಿಗೆ ಬಿದ್ದ ಒಂದು ಮಾತು ಮಾತ್ರ.

ಕಟ್ಟಡವೂ ಮಾತನಾಡುತ್ತದೆ

ಹಾಗೆಂದು ಎಲ್ಲವೂ ಮನಸ್ಸಿನ ಆಟವೆಂದು ತಳ್ಳಿಹಾಕುವುದೂ ಸರಿಯಲ್ಲ. ಬ್ರಿಟಿಷ್ ಮನೋವಿಜ್ಞಾನಿ ರಿಚರ್ಡ್ ವೈಸ್‌ಮನ್ ಮತ್ತು ಸಂಗಡಿಗರು ಹ್ಯಾಂಪ್ಟನ್ ಕೋರ್ಟ್ ಅರಮನೆಯಲ್ಲೂ ಎಡಿನ್‌ಬರೋ ನಗರದ ನೆಲಮಾಳಿಗೆಗಳಲ್ಲೂ ನೂರಾರು ಜನರ ಅನುಭವಗಳನ್ನು ದಾಖಲಿಸಿ 2003ರಲ್ಲಿ ಪ್ರಕಟಿಸಿದರು. ದೆವ್ವವಿದೆಯೆಂಬ ಖ್ಯಾತಿಯ ಜಾಗಗಳಲ್ಲೇ ವಿಚಿತ್ರ ಅನುಭವಗಳು ಹೆಚ್ಚಾಗಿದ್ದವು. ಆದರೆ ಅವು ಬೆಳಕಿನ ಪ್ರಮಾಣ, ಕೋಣೆಯ ಗಾತ್ರದಂಥ ಭೌತಿಕ ಅಂಶಗಳೊಂದಿಗೆ ಹೊಂದಿಕೊಂಡಿದ್ದವು. ಕೆಲವು ಸ್ಥಳಗಳು ತಾವಾಗಿಯೇ ಮನುಷ್ಯನಲ್ಲಿ ಅಳುಕು ಹುಟ್ಟಿಸುತ್ತವೆ. ಆ ಅಳುಕಿಗೆ ನಾವು ದೆವ್ವವೆಂದು ಹೆಸರಿಡುತ್ತೇವೆ.

ಇನ್ನೊಂದು ಸ್ವಾರಸ್ಯಕರ ಪ್ರಸಂಗವೂ ಇಂಗ್ಲೆಂಡಿನದೇ. ಅಲ್ಲಿನ ಪ್ರಯೋಗಾಲಯವೊಂದರಲ್ಲಿದ್ದ ಎಂಜಿನಿಯರ್ ವಿಕ್ ಟ್ಯಾಂಡಿಗೆ ರಾತ್ರಿ ಒಂಟಿಯಾಗಿ ಕೆಲಸ ಮಾಡುವಾಗ ಮೈ ತಣ್ಣಗಾಗಿ, ಕಣ್ಣಂಚಿನಲ್ಲಿ ಬೂದು ಬಣ್ಣದ ಆಕೃತಿಯೊಂದು ಸುಳಿದಂತಾಯಿತು. ಮರುದಿನ ಅವರು ಹಿಡಿಕೆಗೆ ಸಿಕ್ಕಿಸಿದ್ದ ಕತ್ತಿವರಸೆಯ ಅಲಗು ತಾನಾಗಿ ಕಂಪಿಸತೊಡಗಿತು. ಹುಡುಕಿದಾಗ ಸಿಕ್ಕಿದ್ದು ಗಾಳಿ ಹೊರದೂಡುವ ಫ್ಯಾನ್. ಅದು ಕಿವಿಗೆ ಕೇಳಿಸದ, ಸೆಕೆಂಡಿಗೆ ಸುಮಾರು 19 ಕಂಪನಗಳ ಧ್ವನಿ ಹೊರಡಿಸುತ್ತಿತ್ತು. ಆ ಧ್ವನಿ ನಿಂತೊಡನೆ ‘ದೆವ್ವ’ವೂ ಮಾಯ. 1998ರಲ್ಲಿ ಪ್ರಕಟವಾದ ಈ ವಿವರಣೆ ಬಹಳ ಪ್ರಸಿದ್ಧ. ಆದರೆ ಇದನ್ನೂ ಕಣ್ಣುಮುಚ್ಚಿ ಒಪ್ಪುವಂತಿಲ್ಲ. ಲಂಡನ್ನಿನಲ್ಲಿ ಕ್ರಿಸ್ ಫ್ರೆಂಚ್ ಮತ್ತು ಸಂಗಡಿಗರು ಇಂಥ ಧ್ವನಿ ಮತ್ತು ವಿದ್ಯುತ್ಕಾಂತ ಕ್ಷೇತ್ರಗಳನ್ನು ಅಳವಡಿಸಿದ ಕೋಣೆಯಲ್ಲಿ ನಡೆಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅನೇಕರಿಗೆ ವಿಚಿತ್ರ ಅನುಭವಗಳಾದವು. ಆದರೆ ಅವಕ್ಕೂ ಉಪಕರಣ ಚಾಲೂ ಇತ್ತೋ ಇಲ್ಲವೋ ಎಂಬುದಕ್ಕೂ ಸಂಬಂಧ ಕಾಣಲಿಲ್ಲ.

ಮೂರನೆಯದು ಅಪಾಯಕಾರಿ. ಅಮೆರಿಕದ ನೇತ್ರತಜ್ಞ ವಿಲಿಯಂ ವಿಲ್ಮರ್ 1921ರಲ್ಲಿ ಕುಟುಂಬವೊಂದರ ವೃತ್ತಾಂತವನ್ನು ವೈದ್ಯಕೀಯ ನಿಯತಕಾಲಿಕೆಯಲ್ಲಿ ದಾಖಲಿಸಿದರು. ಹಳೆಯ ಮನೆಗೆ ಬಂದಾಗಿನಿಂದ ಅವರಿಗೆ ತಲೆನೋವು, ನಿಶ್ಶಕ್ತಿ, ಹೆಜ್ಜೆ ಸಪ್ಪಳ, ಯಾರೋ ಹಿಂಬಾಲಿಸುವ ಭಾವ. ಕಾರಣ, ಕೆಟ್ಟುಹೋದ ಕುಲುಮೆಯಿಂದ ಸೋರುತ್ತಿದ್ದ ಕಾರ್ಬನ್ ಮೊನಾಕ್ಸೈಡ್. ಗಾಳಿಯಾಡದ ಸ್ನಾನದ ಮನೆಗಳಲ್ಲಿ ಗ್ಯಾಸ್ ಗೀಸರ್‌ನಿಂದ ಸಾವು ಸಂಭವಿಸಿದ ಸುದ್ದಿಗಳನ್ನು ನಮ್ಮ ಓದುಗರು ಕಂಡಿದ್ದಾರೆ. ಆ ಅನಿಲವೂ ಇದೇ. ಇಂಥ ಮನೆಗೆ ಬೇಕಾದದ್ದು ಮಂತ್ರವಾದಿಯಲ್ಲ, ತೆರೆದ ಕಿಟಕಿ.

ಇವೆಲ್ಲದರ ಮೇಲೆ ನಿದ್ದೆಗೆಟ್ಟ ಕಣ್ಣು. ಎಚ್ಚರ ಮತ್ತು ನಿದ್ರೆಯ ಗಡಿಯಲ್ಲಿ ಆರೋಗ್ಯವಂತರಿಗೂ ಧ್ವನಿ ಕೇಳಿಸುವುದು, ಆಕೃತಿ ಕಾಣಿಸುವುದು ಅಪರೂಪವೇನಲ್ಲ. ಬೆಳಗಿನ ಮೂರು ಗಂಟೆಯವರೆಗೆ ಕತ್ತಲೆಯನ್ನು ದಿಟ್ಟಿಸಿ ಕುಳಿತವನು ತನ್ನನ್ನು ತಾನೇ ಆ ಗಡಿಗೆ ತಂದು ನಿಲ್ಲಿಸಿಕೊಂಡಿರುತ್ತಾನೆ.

ಬೋರ್ಲಿಯ ಕೊನೆ

1939ರ ಫೆಬ್ರವರಿ 27ರ ರಾತ್ರಿ ಬೋರ್ಲಿ ಬಂಗಲೆ ಬೆಂಕಿಗೆ ಆಹುತಿಯಾಯಿತು. ಪುಸ್ತಕಗಳನ್ನು ಜೋಡಿಸುವಾಗ ಎಣ್ಣೆ ದೀಪ ಉರುಳಿತೆಂದು ಅದರ ಹೊಸ ಮಾಲೀಕ ಹೇಳಿದರು. ವಿಮಾ ಕಂಪನಿ ನಂಬಲಿಲ್ಲ. 1944ರಲ್ಲಿ ಅವಶೇಷವನ್ನೂ ಕೆಡವಲಾಯಿತು. ಪ್ರೈಸ್ 1948ರಲ್ಲಿ ನಿಧನರಾದರು. ಆ ಬಳಿಕ, 1929ರ ಭೇಟಿಯ ವೇಳೆ ಜತೆಗಿದ್ದ ಪತ್ರಕರ್ತರೊಬ್ಬರು, ತಮಗೆ ಕಲ್ಲು ಬಿದ್ದಾಗ ಪ್ರೈಸ್‌ರನ್ನು ಹಿಡಿದು ನೋಡಿದರೆ ಜೇಬಿನ ತುಂಬ ಕಲ್ಲು, ಇಟ್ಟಿಗೆ ಚೂರುಗಳಿದ್ದವೆಂದು ಆರೋಪಿಸಿದರು. 1956ರಲ್ಲಿ ಎರಿಕ್ ಡಿಂಗ್‌ವಾಲ್, ಕ್ಯಾಥ್ಲೀನ್ ಗೋಲ್ಡ್‌ನಿ ಮತ್ತು ಟ್ರೆವರ್ ಹಾಲ್ ಪ್ರಕಟಿಸಿದ ವರದಿ, ಇಲಿಗಳಿಂದ ಹಿಡಿದು ಕಟ್ಟಡದ ವಿಚಿತ್ರ ಪ್ರತಿಧ್ವನಿಯವರೆಗೆ ಸಹಜ ಕಾರಣಗಳನ್ನು ಪಟ್ಟಿ ಮಾಡಿತು. ಪ್ರೈಸ್ ಅವರ ಪ್ರಾಮಾಣಿಕತೆಯನ್ನೂ ಪ್ರಶ್ನಿಸಿತು. ಅವರ ಪರ ವಾದಿಸಿದವರೂ ಉಂಟು. ಜಗಳ ಇಂದಿಗೂ ಮುಗಿದಿಲ್ಲ.

ಮರೆಯಬಾರದ ಮತ್ತೊಂದು ಸಂಗತಿಯಿದೆ. 1930ರಿಂದ 35ರವರೆಗೆ ಆ ಮನೆಯಲ್ಲಿದ್ದವರು ಪಾದ್ರಿ ಲಯೊನೆಲ್ ಫಾಯ್‌ಸ್ಟರ್ ಹಾಗೂ ಅವರಿಗಿಂತ ಎಷ್ಟೋ ಕಿರಿಯಳಾದ ಪತ್ನಿ ಮೇರಿಯಾನ್. ಅವರ ಕಾಲದಲ್ಲೇ ಗದ್ದಲ ಹೆಚ್ಚಿತು, ಗೋಡೆಗಳ ಮೇಲೆ ಮೇರಿಯಾನ್ ಹೆಸರಿಡಿದು ನೆರವು ಬೇಡುವ ಬರಹಗಳು ಕಾಣಿಸಿದವು. 1931ರಲ್ಲಿ ಅಲ್ಲಿಗೆ ಹೋದ ಪ್ರೈಸ್, ಇದೆಲ್ಲ ಆಕೆಯದೇ ಕೆಲಸವೆಂದು ಪತಿಗೇ ಹೇಳಿ ಹೊರಗಟ್ಟಿಸಿಕೊಂಡಿದ್ದರು. ಆದರೆ ಪುಸ್ತಕ ಬರೆಯುವಾಗ ಅದೇ ಘಟನೆಗಳು ದೆವ್ವದ ಖಾತೆಗೆ ಜಮೆಯಾದವು. ಒಂಟಿ ಮನೆಯಲ್ಲಿ ಆ ಸಂಸಾರದ ಸಂಕಟವೇನಿತ್ತು ಎಂದು ಕೇಳುವ ವ್ಯವಧಾನ ದೆವ್ವ ಹುಡುಕಲು ಬಂದವರಿಗೆ ಇರಲಿಲ್ಲ.

ನಮ್ಮೂರಿನ ಮನೆ

ಬೆಂಗಳೂರಿನ ಸೇಂಟ್ ಮಾರ್ಕ್ಸ್ ರಸ್ತೆಯ ಹಳೆಯ ಬಂಗಲೆಯೊಂದು ಹಲವು ವರ್ಷ ನಗರದ ‘ದೆವ್ವದ ಮನೆ’ಯೆಂದು ಖ್ಯಾತವಾಗಿತ್ತು. ಅಲ್ಲಿ ವಾಸವಿದ್ದ ಹಿರಿಯ ಮಹಿಳೆಯೊಬ್ಬರು 2002ರಲ್ಲಿ ಕೊಲೆಯಾದರು; ಆ ಬಳಿಕ ಮನೆ ಖಾಲಿ ಬಿತ್ತು. ಕುತೂಹಲಿಗಳು ಅದರ ಬಗ್ಗೆ ಕಥೆ ಕಟ್ಟಿದರು, ಕ್ಯಾಮೆರಾ ಹಿಡಿದು ಹೋದರು. ಬಂಗಲೆ ಈಗಿಲ್ಲ, ಕಥೆಗಳಿವೆ. ಆ ಕಥೆಗಳಲ್ಲಿ ದೆವ್ವದ ವರ್ಣನೆ ಧಾರಾಳವಾಗಿದೆ. ಕೊಲೆಗೀಡಾದ ಜೀವದ ಬಗ್ಗೆ, ಬದುಕುಳಿದ ಬಂಧುಗಳ ದುಃಖದ ಬಗ್ಗೆ ಎರಡು ಮಾತೂ ಸಿಗುವುದು ಕಷ್ಟ.

ಇಷ್ಟಾದರೂ ಒಂದು ರಾತ್ರಿ ಕಳೆಯಲೇಬೇಕೆನ್ನುವವರಿಗೆ ಬೋರ್ಲಿಯ ಅನುಭವ ಕೆಲವು ಎಚ್ಚರಿಕೆಗಳನ್ನು ನೀಡುತ್ತದೆ. ಮಾಲೀಕರ ಲಿಖಿತ ಅನುಮತಿ ಪಡೆಯಿರಿ, ಸ್ಥಳೀಯ ಪೊಲೀಸರಿಗೆ ತಿಳಿಸಿ. ಪರರ ಜಾಗಕ್ಕೆ ಅನುಮತಿಯಿಲ್ಲದೆ ನುಗ್ಗುವುದು ಅಪರಾಧ. ಶಿಥಿಲ ಮಹಡಿ, ಹಾವು, ಹೆಜ್ಜೇನುಗಳು ಯಾವ ದೆವ್ವಕ್ಕಿಂತಲೂ ನಿಶ್ಚಿತವಾದ ಅಪಾಯಗಳು; ಹಗಲಿನಲ್ಲೇ ಕಟ್ಟಡವನ್ನು ಸುತ್ತಿ ನೋಡಿ. ಯಾವ ಕೋಣೆಗೆ ಯಾವ ಕಥೆಯಿದೆಯೆಂದು ಜತೆಗಾರರಿಗೆ ಹೇಳಬೇಡಿ. ಕಥೆಯೇ ಇಲ್ಲದ ಕೋಣೆಯಲ್ಲೂ ಅಷ್ಟೇ ಹೊತ್ತು ಕುಳಿತು ಎರಡನ್ನೂ ಹೋಲಿಸಿ. ಪರಸ್ಪರ ಮಾತನಾಡುವ ಮೊದಲೇ ಪ್ರತಿಯೊಬ್ಬರೂ ತಮ್ಮ ಅನುಭವವನ್ನು ಸಮಯಸಹಿತ ಬರೆದಿಡಿ. ಏನೂ ಆಗದ ಗಂಟೆಗಳನ್ನೂ ದಾಖಲಿಸಿ.

ಇಷ್ಟೆಲ್ಲ ಮಾಡಿದರೂ ಬೆಳಗ್ಗೆ ಕೈಯಲ್ಲುಳಿಯುವುದು ದೆವ್ವದ ಬಗೆಗಿನ ತೀರ್ಪಲ್ಲ. ಏನೂ ಕಾಣದಿದ್ದರೆ ‘ಅಂದು ಬರಲಿಲ್ಲ’ ಎನ್ನುವವರಿರುತ್ತಾರೆ. ಏನೋ ಕಂಡರೆ ಅದು ಕಟ್ಟಡದ್ದೋ ಕಣ್ಣಿನದ್ದೋ ಎಂದು ಒಂದೇ ರಾತ್ರಿ ಹೇಳಲಾರದು. ಆ ರಾತ್ರಿ ಅಳೆಯುವುದು ಕಾವಲು ಕುಳಿತವನ ನಿರೀಕ್ಷೆ, ಭಯ ಮತ್ತು ದಣಿವನ್ನು. ಕತ್ತಲಲ್ಲಿ ಪಂಚೆ ಜಗ್ಗಿದಂತಾದಾಗ ಓಡುವ ಮುನ್ನ ಒಮ್ಮೆ ಬಗ್ಗಿ, ಮೊಳೆ ಎಲ್ಲಿದೆಯೆಂದು ತಡವಿ ನೋಡುವುದು ಒಳಿತು.