ಮಾಲೀಕತ್ವ ಬದಲಾಗುವ ಬ್ಯಾಂಕಿನ ಷೇರುಗಳಲ್ಲಿ ಹೂಡಿಕೆ

ಮಾಲೀಕತ್ವ ಬದಲಾಗುವ ಬ್ಯಾಂಕಿನ ಷೇರುಗಳಲ್ಲಿ ಹೂಡಿಕೆ ಎಂದರೆ ಇನ್ನೊಂದು ಬ್ಯಾಂಕಿನಲ್ಲಿ ವಿಲೀನವಾಗಲಿರುವ, ಹೊಸ ಒಡೆಯರ ಕೈಸೇರಲಿರುವ ಅಥವಾ ಸಂಕಷ್ಟದ ಕಾರಣದಿಂದ ಪುನಾರಚನೆಗೊಳ್ಳಲಿರುವ ಬ್ಯಾಂಕಿನ ಷೇರುಗಳನ್ನು ಕೊಳ್ಳುವುದು, ಅಥವಾ ಮೊದಲೇ ಕೊಂಡಿರುವುದನ್ನು ಮಾರದೆ ಉಳಿಸಿಕೊಳ್ಳುವುದು. ಇಂತಹ ಸುದ್ದಿ ಹೊರಬಿದ್ದೊಡನೆ ಷೇರಿನ ಬೆಲೆ ಏರುವುದು ಸಾಮಾನ್ಯ. ಆದರೆ ಷೇರುದಾರನಿಗೆ ಕೊನೆಯಲ್ಲಿ ದೊರೆಯುವುದು ಏನು ಎಂಬುದು ಸುದ್ದಿಯಿಂದ ತೀರ್ಮಾನವಾಗುವುದಿಲ್ಲ. ಬದಲಾವಣೆಯು ಯಾವ ಕಾನೂನಿನ ಅಡಿಯಲ್ಲಿ ನಡೆಯುತ್ತದೆ, ಬ್ಯಾಂಕಿನ ದೊಡ್ಡ ಷೇರುದಾರನು ಮಾರುವವನೋ ಕೊಳ್ಳುವವನೋ ಎಂಬ ಎರಡು ಸಂಗತಿಗಳು ಅದನ್ನು ಬಹುಮಟ್ಟಿಗೆ ನಿರ್ಧರಿಸುತ್ತವೆ. ಕರ್ನಾಟಕದಲ್ಲಿ ಹುಟ್ಟಿದ ವೈಶ್ಯ ಬ್ಯಾಂಕ್, ಸ್ಟೇಟ್ ಬ್ಯಾಂಕ್ ಆಫ್ ಮೈಸೂರು, ವಿಜಯಾ ಬ್ಯಾಂಕ್, ಸಿಂಡಿಕೇಟ್ ಬ್ಯಾಂಕ್ ಮತ್ತು ಕಾರ್ಪೊರೇಷನ್ ಬ್ಯಾಂಕ್‌ಗಳು 2015ರಿಂದ 2020ರವರೆಗಿನ ಐದು ವರ್ಷಗಳಲ್ಲಿ ಒಂದರ ನಂತರ ಒಂದರಂತೆ ವಿಲೀನಗೊಂಡಿದ್ದರಿಂದ, ಈ ವಿಷಯಕ್ಕೆ ಬೇಕಾದ ಉದಾಹರಣೆಗಳು ರಾಜ್ಯದೊಳಗೇ ಸಿಗುತ್ತವೆ.

ಠೇವಣಿದಾರ ಮತ್ತು ಷೇರುದಾರ

ಬ್ಯಾಂಕಿನಲ್ಲಿ ಹಣವಿಟ್ಟವನು ಅದರ ಸಾಲಗಾರನಲ್ಲ, ಅದಕ್ಕೆ ಸಾಲ ಕೊಟ್ಟವನು. ಷೇರು ಕೊಂಡವನಾದರೋ ಅದರ ಮಾಲೀಕರಲ್ಲೊಬ್ಬ. ನಷ್ಟವಾದಾಗ ಮೊದಲು ಕರಗುವುದು ಮಾಲೀಕನ ಹಣ. ಆದ್ದರಿಂದಲೇ "ಠೇವಣಿದಾರರ ಹಣ ಸುರಕ್ಷಿತ" ಎಂಬ ಪ್ರಕಟಣೆಯನ್ನು ಷೇರುದಾರನು ತನಗೂ ಅನ್ವಯಿಸುವ ಭರವಸೆಯೆಂದು ಓದಿಕೊಳ್ಳಬಾರದು. ಠೇವಣಿ ವಿಮೆಯ ಮಿತಿಯನ್ನು 2020ರ ಫೆಬ್ರುವರಿ 4ರಿಂದ ಒಂದು ಲಕ್ಷ ರೂಪಾಯಿಯಿಂದ ಐದು ಲಕ್ಷ ರೂಪಾಯಿಗೆ ಏರಿಸಲಾಯಿತು. ಆ ವಿಮೆ ಷೇರಿಗೆ ಒಂದು ರೂಪಾಯಿಯಷ್ಟೂ ದೊರೆಯುವುದಿಲ್ಲ.

ಬೀದರ್ ಜಿಲ್ಲೆಯ ಅನುಭವ ಈ ವ್ಯತ್ಯಾಸವನ್ನು ಬೇರೊಂದು ಬಗೆಯಲ್ಲಿ ತೋರಿಸುತ್ತದೆ. 1956ರವರೆಗೆ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದ ಈ ಸೀಮೆಗೆ ಸರ್ಕಾರಿ ಬ್ಯಾಂಕ್ ಎಂದರೆ 1941ರಲ್ಲಿ ನಿಜಾಮರ ಆಳ್ವಿಕೆಯಲ್ಲಿ ಸ್ಥಾಪನೆಯಾದ ಹೈದರಾಬಾದ್ ಸ್ಟೇಟ್ ಬ್ಯಾಂಕ್. ಉಸ್ಮಾನಿಯಾ ಸಿಕ್ಕಾ ನಾಣ್ಯದ ವ್ಯವಹಾರವನ್ನು ನೋಡಿಕೊಳ್ಳುತ್ತಿದ್ದ ಬ್ಯಾಂಕ್ ಅದು. ಮುಂದೆ ಅದು ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ ಎಂಬ ಹೆಸರಿನಲ್ಲಿ ಭಾರತೀಯ ಸ್ಟೇಟ್ ಬ್ಯಾಂಕಿನ ಸಹವರ್ತಿ ಬ್ಯಾಂಕಾಗಿ, 2017ರ ಏಪ್ರಿಲ್ 1ರಂದು ಅದರಲ್ಲಿಯೇ ಲೀನವಾಯಿತು. ಗ್ರಾಹಕರ ಪಾಸ್‌ಬುಕ್ಕಿನ ಮೇಲಿನ ಹೆಸರು ಬದಲಾಯಿತು, ಷೇರು ವಿನಿಮಯದ ಪ್ರಶ್ನೆ ಮಾತ್ರ ಏಳಲಿಲ್ಲ. ಅದರ ಷೇರುಗಳೆಲ್ಲವೂ ಭಾರತೀಯ ಸ್ಟೇಟ್ ಬ್ಯಾಂಕಿನ ಬಳಿಯೇ ಇದ್ದವು. ಅದೇ ದಿನ ವಿಲೀನವಾದ ಸ್ಟೇಟ್ ಬ್ಯಾಂಕ್ ಆಫ್ ಮೈಸೂರಿನ ಕಥೆ ಹಾಗಿರಲಿಲ್ಲ. ಅದರ ಷೇರುಗಳು ಪೇಟೆಯಲ್ಲಿ ವಹಿವಾಟಾಗುತ್ತಿದ್ದವು, ಸುಮಾರು ಶೇ. 10ರಷ್ಟು ಪಾಲು ಸಾರ್ವಜನಿಕರ ಕೈಯಲ್ಲಿತ್ತು.

ಮಾಲೀಕತ್ವ ಬದಲಾಗುವ ಮಾರ್ಗಗಳು

ಖಾಸಗಿ ಬ್ಯಾಂಕುಗಳೆರಡು ಒಪ್ಪಂದದಿಂದ ಒಂದಾಗುವುದು 1949ರ ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಯ 44ಎ ವಿಧಿಯ ಪ್ರಕಾರ. ಎರಡೂ ಬ್ಯಾಂಕುಗಳ ಷೇರುದಾರರ ಸಭೆಯಲ್ಲಿ, ಹಾಜರಿರುವವರ ಪೈಕಿ ಮೌಲ್ಯದಲ್ಲಿ ಮೂರನೆಯ ಎರಡು ಭಾಗವನ್ನು ಪ್ರತಿನಿಧಿಸುವ ಬಹುಮತವು ಯೋಜನೆಯನ್ನು ಒಪ್ಪಬೇಕು. ನಂತರ ರಿಸರ್ವ್ ಬ್ಯಾಂಕಿನ ಮಂಜೂರಾತಿ ಬೇಕು. ವಿರೋಧಿಸಿ ಮತ ಹಾಕಿದವನು, ಅಥವಾ ತನ್ನ ವಿರೋಧವನ್ನು ಮೊದಲೇ ಬರವಣಿಗೆಯಲ್ಲಿ ತಿಳಿಸಿದವನು, ರಿಸರ್ವ್ ಬ್ಯಾಂಕ್ ನಿರ್ಧರಿಸಿದ ಬೆಲೆಯನ್ನು ನಗದಾಗಿ ಕೇಳಬಹುದು. ಈ ಹಕ್ಕನ್ನು ಬಳಸುವ ಸಣ್ಣ ಷೇರುದಾರರು ವಿರಳ.

1930ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ವೈಶ್ಯ ಬ್ಯಾಂಕ್ ಈ ಮಾರ್ಗಕ್ಕೆ ಒಳ್ಳೆಯ ನಿದರ್ಶನ. 2002ರಲ್ಲಿ ನೆದರ್ಲೆಂಡ್ಸ್‌ನ ಐಎನ್‌ಜಿ ಸಮೂಹದ ಹಿಡಿತಕ್ಕೆ ಬಂದು ಐಎನ್‌ಜಿ ವೈಶ್ಯ ಬ್ಯಾಂಕ್ ಎನಿಸಿಕೊಂಡ ಅದು, 2014ರ ನವೆಂಬರ್‌ನಲ್ಲಿ ಪ್ರಕಟವಾದ ಒಪ್ಪಂದದಂತೆ 2015ರ ಏಪ್ರಿಲ್ 1ರಂದು ಕೊಟಕ್ ಮಹೀಂದ್ರಾ ಬ್ಯಾಂಕಿನಲ್ಲಿ ವಿಲೀನವಾಯಿತು. 1,000 ಷೇರುಗಳಿಗೆ ಕೊಟಕ್‌ನ 725 ಷೇರುಗಳು ದೊರೆತವು. ಇಲ್ಲಿ ಗಮನಿಸಬೇಕಾದ ಅಂಶವೆಂದರೆ ಐಎನ್‌ಜಿ ಸಮೂಹಕ್ಕೂ ಹತ್ತು ಷೇರು ಇಟ್ಟುಕೊಂಡಿದ್ದ ಬೆಂಗಳೂರಿನ ಕುಟುಂಬಕ್ಕೂ ಅದೇ ಅನುಪಾತ ಅನ್ವಯಿಸಿತು. ಚೌಕಾಸಿ ಮಾಡುವ ದೊಡ್ಡ ಮಾಲೀಕನು ಸಣ್ಣವನ ಸಾಲಿನಲ್ಲೇ ನಿಂತಿರುವಾಗ, ಅವನ ಸ್ವಾರ್ಥವೇ ಸಣ್ಣವನಿಗೆ ರಕ್ಷಣೆಯಾಗುತ್ತದೆ.

ಸರ್ಕಾರಿ ಬ್ಯಾಂಕುಗಳಲ್ಲಿ ಈ ರಕ್ಷಣೆ ಇರುವುದಿಲ್ಲ. ಭಾರತೀಯ ಸ್ಟೇಟ್ ಬ್ಯಾಂಕ್ 1955ರ ತನ್ನದೇ ಕಾಯ್ದೆಯ ಅನುಸಾರ, ಕೇಂದ್ರ ಸರ್ಕಾರದ ಮಂಜೂರಾತಿಯೊಂದಿಗೆ ಸಹವರ್ತಿ ಬ್ಯಾಂಕುಗಳನ್ನು ಸೇರಿಸಿಕೊಂಡಿತು. ರಾಷ್ಟ್ರೀಕೃತ ಬ್ಯಾಂಕುಗಳ ವಿಲೀನ ಯೋಜನೆಯನ್ನು ರಿಸರ್ವ್ ಬ್ಯಾಂಕಿನೊಡನೆ ಸಮಾಲೋಚಿಸಿ ಸರ್ಕಾರವೇ ರೂಪಿಸುತ್ತದೆ. ಮೈಸೂರು ಬ್ಯಾಂಕಿನ ವಿಷಯದಲ್ಲಿ ಅತಿ ದೊಡ್ಡ ಷೇರುದಾರನೇ ಕೊಳ್ಳುವವನಾಗಿದ್ದನು. ವಿಜಯಾ ಬ್ಯಾಂಕಿನ ವಿಷಯದಲ್ಲಿ ಕೊಡುವ ಕಡೆಯೂ ಪಡೆಯುವ ಕಡೆಯೂ ಭಾರತ ಸರ್ಕಾರವೇ ಇತ್ತು. ಅನುಪಾತ ಸ್ವಲ್ಪ ಅತ್ತಿತ್ತ ಆದರೂ ಎರಡು ಕಡೆಯ ಒಡೆಯನಿಗೆ ಒಂದು ಜೇಬಿನಿಂದ ಇನ್ನೊಂದಕ್ಕೆ ಹೋದಂತೆ. ಒಂದೇ ಕಡೆ ನಿಂತ ಸಣ್ಣ ಷೇರುದಾರನಿಗೆ ಮಾತ್ರ ಅದು ಲಾಭ ಅಥವಾ ನಷ್ಟ. ಅನುಪಾತವನ್ನು ಸ್ವತಂತ್ರ ಮೌಲ್ಯಮಾಪಕರು ಸೂಚಿಸುತ್ತಾರೆಂಬುದು ನಿಜ. ಆದರೂ ಚೌಕಾಸಿಯ ಮೇಜಿನಲ್ಲಿ ಅವನ ಪರವಾಗಿ ಹಟ ಹಿಡಿಯುವವರಿರುವುದಿಲ್ಲ ಎಂಬುದನ್ನು ಹೂಡಿಕೆದಾರನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಮೂರನೆಯ ಮಾರ್ಗ 45ನೇ ವಿಧಿಯದು. ಕುಸಿಯುತ್ತಿರುವ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕಿನ ಅರ್ಜಿಯಂತೆ ಸರ್ಕಾರವು ವ್ಯವಹಾರ ಸ್ಥಗಿತದ ಆದೇಶ ಹೊರಡಿಸುತ್ತದೆ, ಆ ಅವಧಿಯಲ್ಲಿ ವಿಲೀನದ ಅಥವಾ ಪುನಾರಚನೆಯ ಯೋಜನೆ ಸಿದ್ಧವಾಗುತ್ತದೆ. ಇದರಲ್ಲಿ ಷೇರುದಾರರ ಮತವಿಲ್ಲ. ಪೇಟೆಯ ಬೆಲೆಯೂ ಆಧಾರವಲ್ಲ.

ವಿನಿಮಯ ಅನುಪಾತದ ಲೆಕ್ಕ

ಸ್ಟೇಟ್ ಬ್ಯಾಂಕ್ ಆಫ್ ಮೈಸೂರಿನ 10 ಷೇರುಗಳಿಗೆ ಭಾರತೀಯ ಸ್ಟೇಟ್ ಬ್ಯಾಂಕಿನ 22 ಷೇರುಗಳನ್ನು ಕೊಡಲಾಯಿತು. ವಿಜಯಾ ಬ್ಯಾಂಕಿನ 1,000 ಷೇರುಗಳಿಗೆ ಬ್ಯಾಂಕ್ ಆಫ್ ಬರೋಡಾದ 402, ಸಿಂಡಿಕೇಟ್ ಬ್ಯಾಂಕಿನ 1,000ಕ್ಕೆ ಕೆನರಾ ಬ್ಯಾಂಕಿನ 158, ಕಾರ್ಪೊರೇಷನ್ ಬ್ಯಾಂಕಿನ 1,000ಕ್ಕೆ ಯೂನಿಯನ್ ಬ್ಯಾಂಕಿನ 330 ಷೇರುಗಳು ದೊರೆತವು. ಈ ಸಂಖ್ಯೆಗಳನ್ನು ಮಾತ್ರ ನೋಡಿ ಮೈಸೂರಿನವರಿಗೆ ಎರಡು ಪಟ್ಟು ಸಿಕ್ಕಿತು, ಉಡುಪಿಯ ಸಿಂಡಿಕೇಟಿನವರಿಗೆ ಆರನೆಯ ಒಂದು ಭಾಗವೂ ಸಿಗಲಿಲ್ಲ ಎನ್ನುವುದು ತಪ್ಪು. ಮೈಸೂರು ಬ್ಯಾಂಕಿನ ಷೇರಿನ ಮುಖಬೆಲೆ 10 ರೂಪಾಯಿ, ಭಾರತೀಯ ಸ್ಟೇಟ್ ಬ್ಯಾಂಕಿನದು 1 ರೂಪಾಯಿ. ನೋಡಬೇಕಾದದ್ದು ದೊರೆಯುವ ಷೇರುಗಳ ಒಟ್ಟು ಪೇಟೆ ಮೌಲ್ಯವನ್ನೇ ಹೊರತು ಅವುಗಳ ಸಂಖ್ಯೆಯನ್ನಲ್ಲ.

ವಿಜಯಾ ಬ್ಯಾಂಕನ್ನೇ ತೆಗೆದುಕೊಳ್ಳಬಹುದು. ವಿಲೀನದ ಪ್ರಸ್ತಾವ 2018ರ ಸೆಪ್ಟೆಂಬರ್‌ನಲ್ಲಿ ಹೊರಬಂದಿತು, ಅನುಪಾತ 2019ರ ಜನವರಿಯಲ್ಲಿ ಪ್ರಕಟವಾಯಿತು, ವಿಲೀನ ಜಾರಿಗೆ ಬಂದದ್ದು ಏಪ್ರಿಲ್ 1ರಂದು. ಲೆಕ್ಕಕ್ಕಾಗಿ ಬ್ಯಾಂಕ್ ಆಫ್ ಬರೋಡಾದ ಷೇರಿನ ಬೆಲೆ 120 ರೂಪಾಯಿ ಎಂದು ಭಾವಿಸಿದರೆ 402 ಷೇರುಗಳ ಬೆಲೆ 48,240 ರೂಪಾಯಿ. ಎಂದರೆ ವಿಜಯಾ ಬ್ಯಾಂಕಿನ ಒಂದು ಷೇರಿಗೆ 48 ರೂಪಾಯಿ 24 ಪೈಸೆ. ಪೇಟೆಯಲ್ಲಿ ಅದು 52 ರೂಪಾಯಿಗೆ ಮಾರಾಟವಾಗುತ್ತಿದ್ದರೆ ಆಗ ಕೊಳ್ಳುವವನು ಸುಮಾರು ನಾಲ್ಕು ರೂಪಾಯಿ ಹೆಚ್ಚು ತೆರುತ್ತಾನೆ. 46 ರೂಪಾಯಿಗೆ ಸಿಗುತ್ತಿದ್ದರೆ ಎರಡು ರೂಪಾಯಿಗಿಂತ ತುಸು ಹೆಚ್ಚಿನ ಅಂತರ ಅವನ ಪಾಲಿಗೆ ಉಳಿಯಬಹುದು. ಉಳಿಯಬಹುದು ಎಂದಷ್ಟೇ ಹೇಳಲು ಕಾರಣವಿದೆ. ಅನುಪಾತ ಸ್ಥಿರವಾದರೂ ಕೊಳ್ಳುವ ಬ್ಯಾಂಕಿನ ಬೆಲೆ ಸ್ಥಿರವಲ್ಲ. ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳ ವಿಲೀನ 2020ರ ಏಪ್ರಿಲ್ 1ರಂದು ಜಾರಿಯಾದಾಗ ಕೋವಿಡ್ ಭೀತಿಯಿಂದ ಪೇಟೆ ಕುಸಿದಿತ್ತು. ಅನುಪಾತದಲ್ಲಿ ಏನೂ ಬದಲಾಗದೆಯೇ ಷೇರುದಾರನ ಕೈಗೆ ಬಂದ ಮೌಲ್ಯ ಕುಗ್ಗಿತ್ತು. ಅನುಪಾತ ಪ್ರಕಟವಾದ ದಿನದಿಂದ ಹೂಡಿಕೆದಾರನು ವಾಸ್ತವದಲ್ಲಿ ಕೊಳ್ಳುವ ಬ್ಯಾಂಕಿನ ಹಣೆಬರಹವನ್ನೇ ಕೊಂಡಿರುತ್ತಾನೆ. ಆ ಬ್ಯಾಂಕಿನ ವಸೂಲಾಗದ ಸಾಲ ಎಷ್ಟು, ಬಂಡವಾಳ ಸಾಕಷ್ಟಿದೆಯೇ ಎಂಬುದನ್ನು ನೋಡದೆ ಹಳೆಯ ಬ್ಯಾಂಕಿನ ವರದಿಯನ್ನೇ ತಿರುವಿಹಾಕುವುದರಿಂದ ಪ್ರಯೋಜನವಿಲ್ಲ.

ಪೂರ್ಣ ಷೇರಾಗದ ತುಣುಕುಗಳಿಗೆ ನಗದು ದೊರೆಯುತ್ತದೆ. ಸಿಂಡಿಕೇಟ್ ಬ್ಯಾಂಕಿನ 100 ಷೇರು ಇದ್ದವನ ಲೆಕ್ಕ 15.8 ಷೇರು, ಅವನಿಗೆ 15 ಷೇರುಗಳೂ ಉಳಿದ 0.8 ಭಾಗಕ್ಕೆ ಹಣವೂ ಸಲ್ಲುತ್ತವೆ.

ಮುಕ್ತ ಕೊಡುಗೆ

ವಿಲೀನವಿಲ್ಲದೆ ಮಾಲೀಕ ಮಾತ್ರ ಬದಲಾಗುವುದೂ ಉಂಟು. ಸೆಬಿಯ 2011ರ ಸ್ವಾಧೀನ ನಿಯಮಗಳಂತೆ, ಶೇ. 25 ಅಥವಾ ಅದಕ್ಕಿಂತ ಹೆಚ್ಚಿನ ಮತಾಧಿಕಾರ ಪಡೆಯುವವನು ಉಳಿದ ಷೇರುದಾರರಿಂದ ಕನಿಷ್ಠ ಶೇ. 26ರಷ್ಟನ್ನು ಕೊಳ್ಳಲು ಮುಕ್ತ ಕೊಡುಗೆ ನೀಡಬೇಕು. ಬ್ಯಾಂಕುಗಳಲ್ಲಿ ಶೇ. 5 ಅಥವಾ ಅದಕ್ಕಿಂತ ಹೆಚ್ಚು ಪಾಲು ಹೊಂದಲು ರಿಸರ್ವ್ ಬ್ಯಾಂಕಿನ ಪೂರ್ವಾನುಮತಿಯೂ ಬೇಕು. ಕೊಲ್ಹಾಪುರದಲ್ಲಿ ರತ್ನಾಕರ ಬ್ಯಾಂಕ್ ಎಂದು 1943ರಲ್ಲಿ ಹುಟ್ಟಿದ ಆರ್‌ಬಿಎಲ್ ಬ್ಯಾಂಕಿನ ಶೇ. 60ರಷ್ಟು ಪಾಲನ್ನು ಷೇರಿಗೆ 280 ರೂಪಾಯಿಯಂತೆ ಪಡೆಯುವ ಯೋಜನೆಯನ್ನು ದುಬೈಯ ಎಮಿರೇಟ್ಸ್ ಎನ್‌ಬಿಡಿ 2025ರ ಅಕ್ಟೋಬರ್‌ನಲ್ಲಿ ಪ್ರಕಟಿಸಿದಾಗ ಮುಕ್ತ ಕೊಡುಗೆಯೂ ಅದರ ಜೊತೆಗೇ ಬಂದಿತು. ಅದೇ ವರ್ಷ ಜಪಾನಿನ ಸುಮಿಟೊಮೊ ಮಿತ್ಸುಯಿ ಬ್ಯಾಂಕ್ ಯೆಸ್ ಬ್ಯಾಂಕಿನ ಶೇ. 20ರಷ್ಟು ಪಾಲನ್ನು ಭಾರತೀಯ ಸ್ಟೇಟ್ ಬ್ಯಾಂಕ್ ಮತ್ತಿತರ ಬ್ಯಾಂಕುಗಳಿಂದ ಷೇರಿಗೆ 21 ರೂಪಾಯಿ 50 ಪೈಸೆಯಂತೆ ಕೊಂಡಾಗ ಸಾಮಾನ್ಯ ಷೇರುದಾರರಿಗೆ ಅಂತಹ ಕೊಡುಗೆ ಬರಲಿಲ್ಲ. ಕಾರಣ ಸರಳ: 20 ಎಂಬುದು 25ಕ್ಕಿಂತ ಕಡಿಮೆ. ಹೊಸ ಮಾಲೀಕ ಬರುತ್ತಾನೆಂಬ ಶೀರ್ಷಿಕೆ ಎರಡು ಕಡೆಯೂ ಒಂದೇ ಬಗೆಯದಾಗಿತ್ತು.

ಷೇರುದಾರರಿಗೆ ಏನೂ ಸಿಗದ ಪ್ರಸಂಗಗಳು

1926ರಲ್ಲಿ ತಮಿಳುನಾಡಿನ ಕರೂರಿನಲ್ಲಿ ಸ್ಥಾಪನೆಯಾದ ಲಕ್ಷ್ಮೀ ವಿಲಾಸ್ ಬ್ಯಾಂಕಿನ ಷೇರುದಾರರು ಹೊಸ ಮಾಲೀಕನಿಗಾಗಿ ಬಹುಕಾಲ ಕಾದರು. 2019ರಲ್ಲಿ ಇಂಡಿಯಾಬುಲ್ಸ್ ಹೌಸಿಂಗ್ ಫೈನಾನ್ಸ್ ಜೊತೆ ವಿಲೀನದ ಪ್ರಸ್ತಾವ ಬಂದಿತು. 100 ಷೇರುಗಳಿಗೆ 14 ಷೇರುಗಳ ಅನುಪಾತವೂ ನಿಗದಿಯಾಯಿತು. ಆ ಅನುಪಾತವನ್ನು ನಂಬಿ ಷೇರು ಹಿಡಿದವರಿಗೆ ಅದು ಕಾಗದದ ಮೇಲೆಯೇ ಉಳಿಯಿತು, ಏಕೆಂದರೆ ಅಕ್ಟೋಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಅನುಮತಿ ನಿರಾಕರಿಸಿತು. 2020ರ ಸೆಪ್ಟೆಂಬರ್‌ನ ವಾರ್ಷಿಕ ಸಭೆಯಲ್ಲಿ ಷೇರುದಾರರು ಏಳು ನಿರ್ದೇಶಕರ ನೇಮಕವನ್ನು ತಿರಸ್ಕರಿಸಿ ತಮ್ಮ ಅಧಿಕಾರವನ್ನು ತೋರಿಸಿದರು. ಎರಡು ತಿಂಗಳೊಳಗೆ, ನವೆಂಬರ್ 17ರಂದು, ಬ್ಯಾಂಕಿನ ವ್ಯವಹಾರ ಸ್ಥಗಿತಗೊಂಡು ಠೇವಣಿದಾರರಿಗೆ 25,000 ರೂಪಾಯಿಯ ಮಿತಿ ಬಿದ್ದಿತು. ನವೆಂಬರ್ 27ರಂದು ಬ್ಯಾಂಕು ಸಿಂಗಪುರ ಮೂಲದ ಡಿಬಿಎಸ್‌ನ ಭಾರತೀಯ ಅಂಗಸಂಸ್ಥೆಯಲ್ಲಿ ವಿಲೀನವಾಯಿತು. ಠೇವಣಿಗಳು ಪೂರ್ತಿಯಾಗಿ ಉಳಿದವು. ಷೇರು ಬಂಡವಾಳವನ್ನು ಸಂಪೂರ್ಣವಾಗಿ ವಜಾ ಮಾಡಲಾಯಿತು. ಷೇರುದಾರರಿಗೆ ಒಂದು ಪೈಸೆಯೂ ಸಿಗಲಿಲ್ಲ.

ಬೀದರಿಗೆ ಹತ್ತಿರದ ಹೈದರಾಬಾದಿನಲ್ಲಿ 2004ರಲ್ಲಿಯೇ ಇದೇ ನಡೆದಿತ್ತು. ಗ್ಲೋಬಲ್ ಟ್ರಸ್ಟ್ ಬ್ಯಾಂಕ್ ಜುಲೈಯಲ್ಲಿ ಸ್ಥಗಿತಗೊಂಡು ಆಗಸ್ಟ್‌ನಲ್ಲಿ ಓರಿಯಂಟಲ್ ಬ್ಯಾಂಕ್ ಆಫ್ ಕಾಮರ್ಸ್‌ನಲ್ಲಿ ಸೇರಿದಾಗ ಅದರ ಷೇರುದಾರರೂ ಬರಿಗೈಯಾದರು. ಆದರೆ ಪ್ರತಿ ಬಾರಿಯೂ ಹೀಗೆಯೇ ಆಗುತ್ತದೆಂಬ ನಿಯಮವಿಲ್ಲ. 2006ರಲ್ಲಿ ಸಾತಾರಾದ ಯುನೈಟೆಡ್ ವೆಸ್ಟರ್ನ್ ಬ್ಯಾಂಕ್ ಸ್ಥಗಿತಗೊಂಡಾಗ ಹಲವರು ಅದನ್ನು ಕೊಳ್ಳಲು ಮುಂದೆ ಬಂದರು, ಐಡಿಬಿಐ ಷೇರಿಗೆ 28 ರೂಪಾಯಿ ನಗದು ಕೊಟ್ಟಿತು. 2020ರ ಮಾರ್ಚ್‌ನಲ್ಲಿ ಯೆಸ್ ಬ್ಯಾಂಕಿನ ಷೇರುಗಳು ವಜಾ ಆಗಲಿಲ್ಲ. ಆದರೆ ನೂರಕ್ಕಿಂತ ಹೆಚ್ಚು ಷೇರು ಇದ್ದವರ ಶೇ. 75ರಷ್ಟು ಷೇರುಗಳನ್ನು ಮೂರು ವರ್ಷ ಮಾರದಂತೆ ಕಟ್ಟಿಹಾಕಲಾಯಿತು, ಭಾರತೀಯ ಸ್ಟೇಟ್ ಬ್ಯಾಂಕ್ ಮುಂತಾದವು 10 ರೂಪಾಯಿಗೆ ಒಂದರಂತೆ ಹೊಸ ಷೇರು ಪಡೆದುದರಿಂದ ಹಳಬರ ಪಾಲು ತೆಳುವಾಯಿತು. ಬೆಲೆ ಪಾತಾಳಕ್ಕಿಳಿದಿದೆ, ಇನ್ನೇನು ಇಳಿದೀತು ಎಂದು ಇಂತಹ ಷೇರು ಕೊಳ್ಳುವವರು ಮರೆಯುವುದೆಂದರೆ, ಐದು ರೂಪಾಯಿಯ ಷೇರು ಸೊನ್ನೆಯಾದಾಗಲೂ ಹೂಡಿದ ಹಣ ನೂರಕ್ಕೆ ನೂರು ಹೋಗುತ್ತದೆ.

ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳು

ಭಾಲ್ಕಿ ತಾಲ್ಲೂಕಿನ ಸಾಯಗಾಂವದಂತಹ ಗ್ರಾಮಗಳಲ್ಲಿ ಷೇರು ಎಂಬ ಮಾತು ಹೆಚ್ಚಾಗಿ ಕೇಳಿಬರುವುದು ಸಹಕಾರ ಸಂಘದ ಸಂದರ್ಭದಲ್ಲಿ. ಸಾಲ ಪಡೆಯುವಾಗ ಅದರ ಒಂದು ಅಂಶವನ್ನು ಷೇರು ಹಣವೆಂದು ಹಿಡಿದುಕೊಳ್ಳುವ ಪದ್ಧತಿಯಿದೆ. ಈ ಷೇರಿಗೆ ಪೇಟೆ ಬೆಲೆಯಿಲ್ಲ; ಮರಳಿ ಸಿಗುವುದಾದರೆ ಮುಖಬೆಲೆ ಮಾತ್ರ. ಎಷ್ಟು ಷೇರಿದ್ದರೂ ಸದಸ್ಯನಿಗೆ ಒಂದೇ ಮತ. ಆದುದರಿಂದ ಸಹಕಾರಿ ಬ್ಯಾಂಕೊಂದು ಇನ್ನೊಂದರಲ್ಲಿ ವಿಲೀನವಾಗುವ ಸುದ್ದಿಯಿಂದ ಲಾಭ ಗಳಿಸುವ ಅವಕಾಶವಿಲ್ಲ, ನಷ್ಟದ ಸಾಧ್ಯತೆ ಮಾತ್ರ ಇದೆ. ಗ್ರಾಮೀಣ ಬ್ಯಾಂಕುಗಳ ಬಂಡವಾಳವನ್ನು ಕೇಂದ್ರ ಸರ್ಕಾರ, ರಾಜ್ಯ ಸರ್ಕಾರ ಮತ್ತು ಪ್ರಾಯೋಜಕ ಬ್ಯಾಂಕುಗಳು 50, 15, 35ರ ಪ್ರಮಾಣದಲ್ಲಿ ಹೊಂದಿರುವುದರಿಂದ, 2025ರ ಮೇ 1ರಂದು ರಾಜ್ಯದ ಎರಡು ಗ್ರಾಮೀಣ ಬ್ಯಾಂಕುಗಳು ಒಂದಾದಾಗ ಸಾರ್ವಜನಿಕ ಷೇರುದಾರರ ಪ್ರಶ್ನೆ ಬರಲಿಲ್ಲ.

ವಿಲೀನದ ನಂತರ

ಡಿಮ್ಯಾಟ್ ಖಾತೆಯಲ್ಲಿರುವ ಷೇರುಗಳು ತಾವಾಗಿಯೇ ಹೊಸ ಬ್ಯಾಂಕಿನ ಷೇರುಗಳಾಗಿ ಬದಲಾಗುತ್ತವೆ. ಅರ್ಹತೆಗೆ ನಿಗದಿಯಾದ ದಾಖಲೆ ದಿನದಂದು ಹೆಸರು ಪಟ್ಟಿಯಲ್ಲಿರಬೇಕು, ಅಷ್ಟೆ. ಷೇರಿಗೆ ಪ್ರತಿಯಾಗಿ ಷೇರು ಪಡೆಯುವುದನ್ನು ಆದಾಯ ತೆರಿಗೆಯ ದೃಷ್ಟಿಯಲ್ಲಿ ಸಾಮಾನ್ಯವಾಗಿ ಮಾರಾಟವೆಂದು ಎಣಿಸುವುದಿಲ್ಲ. ಹಳೆಯ ಷೇರು ಕೊಂಡ ಬೆಲೆ ಮತ್ತು ದಿನಾಂಕಗಳೇ ಹೊಸ ಷೇರಿಗೂ ಮುಂದುವರಿಯುತ್ತವೆ. ಹಾಗಾಗಿ ಮೂಲ ಖರೀದಿಯ ಚೀಟಿಯನ್ನು ಎಸೆಯಬಾರದು. ಹಿರಿಯರ ಪೆಟ್ಟಿಗೆಯಲ್ಲಿ ಮೈಸೂರು ಬ್ಯಾಂಕಿನ ಅಥವಾ ವಿಜಯಾ ಬ್ಯಾಂಕಿನ ಕಾಗದದ ಷೇರು ಪತ್ರ ಸಿಕ್ಕರೆ ಅದು ರದ್ದಿಯಲ್ಲ. ವಿಲೀನಗೊಳಿಸಿಕೊಂಡ ಬ್ಯಾಂಕಿನ ಷೇರು ನೋಂದಣಿ ಏಜೆಂಟರಿಗೆ ಪತ್ರದ ಸಂಖ್ಯೆ, ಫೋಲಿಯೊ ಸಂಖ್ಯೆ ಹಾಗೂ ವಾರಸುದಾರಿಕೆಯ ದಾಖಲೆಗಳೊಂದಿಗೆ ಬರೆದು ಹಕ್ಕು ಕೇಳಬಹುದು. ಏಳು ವರ್ಷ ಯಾರೂ ಪಡೆಯದ ಲಾಭಾಂಶವು ಹೂಡಿಕೆದಾರರ ಶಿಕ್ಷಣ ಮತ್ತು ಸಂರಕ್ಷಣಾ ನಿಧಿಗೆ ಹೋಗಿರುತ್ತದೆ. ಅದನ್ನು ಆ ನಿಧಿಯಿಂದಲೇ ಕೇಳಿ ಪಡೆಯಬೇಕಾಗುತ್ತದೆ.